ಮಾವನವರ ಮೂಗರ್ಜಿ

ನಮ್ಮ ಮಾವನವರು ಜೀವಮಾನದಲ್ಲಿ ಗುಟ್ಟಾಗಿ ಮಾಡುತ್ತಿದ್ದ ಕೆಲಸ ಒಂದೇ ಒಂದು, ಮತ್ತು ಅದು ಊರಿಗೆಲ್ಲ ಗೊತ್ತಿತ್ತು. ಅವರು ಮೂಗರ್ಜಿ ಬರೆಯುತ್ತಿದ್ದರು.

ಮೂಗರ್ಜಿ ಎಂದರೆ ಹೆಸರು, ರುಜು ಏನೂ ಇಲ್ಲದೆ ಸರ್ಕಾರಕ್ಕೆ ಬರೆಯುವ ದೂರು. ಕಚೇರಿ ಮೆಟ್ಟಿಲು ಹತ್ತದ ಪುಣ್ಯವಂತರಿಗಾಗಿ ಇದನ್ನು ಹೇಳಿದೆ. ಬರೆದವನು ಮೂಗನ ಹಾಗೆ ಬಾಯಿ ಮುಚ್ಚಿಕೊಂಡಿರಬೇಕು, ಕಾಗದ ಮಾತಾಡಬೇಕು. ಮಾವನವರ ವಿಷಯದಲ್ಲಿ ಕಾಗದವೇನೋ ಚೆನ್ನಾಗಿಯೇ ಮಾತಾಡುತ್ತಿತ್ತು. ಆದರೆ ಬಾಯಿ ಮುಚ್ಚಬೇಕಲ್ಲ? ಕರಡು ಮುಗಿದ ಕೂಡಲೇ ಅದನ್ನು ಹಿಡಿದು ಜಗಲಿಗೆ ಬರುತ್ತಿದ್ದರು. ಕನ್ನಡಕ ಏರಿಸಿ, ಬೀದಿಯಲ್ಲಿ ಹೋಗುವವರನ್ನು ಕೂಗಿ ಕರೆದು ಕೂರಿಸಿಕೊಂಡು ಓದುತ್ತಿದ್ದರು. "ಇಲ್ಲಿ ಅನ್ಯಾಯ ಅಂತ ಇರ್ಲೋ, ಘೋರ ಅನ್ಯಾಯ ಅಂತ ಮಾಡ್ಲೋ?" ಎಂದು ಅಭಿಪ್ರಾಯ ಕೇಳುತ್ತಿದ್ದರು. ಕುರಿ ಹೊಡೆದುಕೊಂಡು ಹೋಗುವವನೂ ಒಂದು ಗಳಿಗೆ ನಿಂತು, "ಘೋರನೇ ಇರ್ಲಿ ಬಿಡ್ರಿ ಯಜಮಾನ್ರೆ" ಎಂದು ಸಲಹೆ ಕೊಟ್ಟು ಮುಂದೆ ಹೋಗುತ್ತಿದ್ದ.

ನಮ್ಮೂರು ದುರ್ಗಕ್ಕೂ ಹೊಳಲ್ಕೆರೆಗೂ ನಡುವೆ ಎಲ್ಲೋ ಇದೆ ಎಂದಷ್ಟೇ ಹೇಳುತ್ತೇನೆ. ಇಲ್ಲಿಯ ಅಂಚೆಗೆ ಹಾಕಿದರೆ ಮೊಹರು ನೋಡಿ ಪತ್ತೆ ಹಚ್ಚಿಬಿಡುತ್ತಾರೆಂದು ಮಾವನವರಿಗೆ ಭಯ. ಅದಕ್ಕಾಗಿ ಗಾಡಿ ಕಟ್ಟಿಸಿಕೊಂಡು ಒಂದು ಸಲ ಹೊಳಲ್ಕೆರೆಗೆ, ಇನ್ನೊಂದು ಸಲ ಹೊಸದುರ್ಗಕ್ಕೆ, ಯಾರದಾದರೂ ಮದುವೆಯ ನೆಪ ಸಿಕ್ಕರೆ ಹಿರಿಯೂರಿಗೂ ಹೋಗಿ ಅಲ್ಲಿಯ ಪೆಟ್ಟಿಗೆಗೆ ಹಾಕಿ ಬರುತ್ತಿದ್ದರು. ಇಷ್ಟೆಲ್ಲ ಜಾಗ್ರತೆ ಮಾಡಿದ ಮನುಷ್ಯ ಅರ್ಜಿಯ ಕೊನೆಗೆ ಏನು ಬರೆಯುತ್ತಿದ್ದರು ಗೊತ್ತೆ? "ಭಯದ ದೆಸೆಯಿಂದ ಹೆಸರು ತಿಳಿಸಿಲ್ಲ. ತೆಗೆದುಕೊಂಡ ಕ್ರಮವನ್ನು ಈ ಕೆಳಕಂಡ ವಿಳಾಸಕ್ಕೆ ತಿಳಿಸತಕ್ಕದ್ದು." ಅದರ ಕೆಳಗೆ ನಮ್ಮ ಮನೆಯ ವಿಳಾಸ!

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ವಿಳಾಸ ಹಾಕಿದ್ರೆ ಅದು ಮೂಗರ್ಜಿ ಹೆಂಗಾಗ್ತೈತೆ ಮಾವ?"

"ಅದ್ರಾಗೆ ಹೆಸ್ರು ಎಲ್ಲೈತೆ ತೋರ್ಸು."

"ಇಲ್ಲ."

"ಮತ್ತೆ? ಜವಾಬು ಎಲ್ಲಿಗೆ ಬರ್ಬೇಕು, ಗುಡ್ಡದ ಮ್ಯಾಲಕ್ಕ? ನಿಮ್ಮ ಆಫೀಸ್ನೋರಂಗೆ ಬರ್ದು ಮರ್ತು ಕೂರೋನಲ್ಲ ನಾನು."

ಆಫೀಸಿನವರು ಎಂದರೆ ಬೇರೆ ಯಾರೂ ಅಲ್ಲ, ನಾನೇ. ಊರಿನ ಮುನಿಸಿಪಾಲಿಟಿಗೆ ನಾನೊಬ್ಬನೇ ಗುಮಾಸ್ತ. ಮಾವನವರು ನನಗೆ ಎರಡು ಕಡೆಯಿಂದ ಮಾವ, ತಾಯಿಯ ತಮ್ಮ ಹಾಗೂ ಹೆಂಡತಿಯ ತಂದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಮನೆಗೆ ತಂದು ಸಾಕಿ, ಮರಳ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿ, ಯಾರ್ಯಾರ ಬಾಗಿಲಿಗೋ ನಡೆದು ಈ ಕೆಲಸ ಕೊಡಿಸಿ, ಸಾಲದೆಂದು ಮಗಳನ್ನೂ ಕೊಟ್ಟು ಮನೆ ಅಳಿಯನನ್ನಾಗಿ ಇಟ್ಟುಕೊಂಡವರು. ಕಂಬಳಿ ಅಂಗಡಿಯ ವ್ಯಾಪಾರ ಅವರದು, ಊಟ ನನ್ನದು. ಅಕ್ಷರ ಕಲಿಸಿದವರೇ ಅವರಾದ್ದರಿಂದ ನನ್ನ ಬರವಣಿಗೆಯೂ ತದ್ವತ್ ಅವರದೇ. ಇದರಿಂದ ಒಂದು ಫಜೀತಿಯೂ ಆಯಿತು. ನಮ್ಮ ವೈಸ್ ಪ್ರೆಸಿಡೆಂಟರು ಒಂದು ಮೂಗರ್ಜಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಿಮ್ಮ ಅಕ್ಷರ ಇದ್ದಂಗೈತಲ್ರಿ" ಎಂದರು. ನಾನಾದರೆ ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ ಎಂದು ಹೇಳಿದೆ. ಅದನ್ನು ಅವರು ಕೂಡಲೇ ನಂಬಿದರು. ಅಷ್ಟು ಬೇಗ ನಂಬಬಾರದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮೂಗರ್ಜಿಗೆ ಯಾರೂ ಹೊರತಲ್ಲ ಎಂಬುದು ಮಾವನವರ ಧರ್ಮ. ಒಂದು ಸಲ ಬಂದ ಅರ್ಜಿಯಲ್ಲಿ, ಇಂಥ ಬೀದಿಯ ಒಬ್ಬ ಮುದುಕ ತನ್ನ ಜಗಲಿಯನ್ನು ಬೀದಿಗೆ ಒಂದೂವರೆ ಗೇಣು ಮುಂದಕ್ಕೆ ಕಟ್ಟಿದ್ದಾನೆ, ಮುನಿಸಿಪಾಲಿಟಿ ನಿದ್ದೆ ಹೊಡೆಯುತ್ತಿದೆಯೇ ಎಂದಿತ್ತು. ಇನ್ನೊಂದು ಸಲ ಓದಿದೆ. ಬೀದಿ ನಮ್ಮದೇ! ಮುದುಕ ಇವರೇ! ಜಗಲಿ ನಾನು ದಿನಾ ಕೂತು ಹಲ್ಲುಜ್ಜುವ ಜಗಲಿ!

ಕಾನೂನಿನ ಪ್ರಕಾರ ನೋಟೀಸು ಬರೆದೆ. ಸಂಜೆ ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದು ಅವರ ಕೈಗೆ ಕೊಟ್ಟೆ. ಹೊಸದಾಗಿ ವಿಷಯ ತಿಳಿದವರ ಹಾಗೆ ಎರಡು ಸಲ ಓದಿ ಕೆಂಡವಾದರು.

"ಯಾವನ್ಲೇ ಇದನ್ನ ಬರ್ದೋನು?"

"ನೋಟೀಸು ನಾನು, ಅರ್ಜಿ ನೀವು."

"ಅರ್ಜಿ ನಂದು ಅಂತ ನಿಂಗೆ ಹೆಂಗೆ ಗೊತ್ತಾತು? ಹೆಸ್ರಿಲ್ಲ ಅದ್ರಾಗೆ."

ಮಾರನೆಯ ದಿನ ಗಾರೆಯವರನ್ನು ಕರೆಸಿ ಜಗಲಿಯನ್ನು ಒಂದೂವರೆ ಗೇಣು ಒಡೆಸಿಹಾಕಿದರು. ಕಾನೂನು ಎಂದರೆ ಕಾನೂನು ಎಂದು ಹೇಳಿ, ಉಳಿದ ಜಗಲಿಯ ಮೇಲೆ ಕೂತು ಮುಂದಿನ ಅರ್ಜಿಗೆ ಕಾಗದ ಮಡಚಿದರು.

ಇಂಥವರ ಮನೆಯಲ್ಲಿ ಅನ್ನ ಉಂಡು ಬೆಳೆದ ನಾನು ಎಂಥವನು ಎಂದು ಈಗ ಹೇಳಬೇಕಾಗಿದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ಕೆಳಗಿನ ಬೀದಿಯಲ್ಲಿ ಒಂದು ಸಿಹಿನೀರಿನ ಬಾವಿ ಇತ್ತು. ಅರ್ಧ ಊರಿಗೆ ಕುಡಿಯುವ ನೀರು ಅದರದೇ. ಹೂಳು ತುಂಬಿ ನೀರು ಇಳಿಯುತ್ತಿತ್ತೆಂದು ಮುನಿಸಿಪಾಲಿಟಿಯಿಂದ ಹೂಳೆತ್ತಿಸುವ ಕಂತ್ರಾಟು ಕೊಟ್ಟರು. ಕೊಟ್ಟದ್ದು ವೈಸ್ ಪ್ರೆಸಿಡೆಂಟರ ಭಾವಮೈದುನನಿಗೆ. ಆತ ಬಾವಿಗೆ ಪೂಜೆ ಮಾಡಿದ, ಕಾಯಿ ಒಡೆದ, ನಾಲ್ಕು ಮಂಕರಿ ಮಣ್ಣು ತೆಗೆದ, ಬಿಲ್ಲು ಬರೆದ. ಬಿಲ್ಲು ಪಾಸಾಗಬೇಕಾದರೆ ಗುಮಾಸ್ತನ ಒಂದು ಷರಾ ಬೇಕು: "ಖುದ್ದು ನೋಡಿ, ಅಳೆಸಿ, ಎಂಟು ಮೊಳ ಹೂಳು ತೆಗೆದಿರುವುದನ್ನು ಖಾತರಿ ಮಾಡಿಕೊಂಡಿರುತ್ತೇನೆ." ಖುದ್ದು ಎಂದರೆ ಸ್ವತಃ ಹೋಗಿ, ಸ್ವಂತ ಕಣ್ಣಿನಿಂದ. ನಾನು ಕೊಡೆ ಹಿಡಿದು ಹೊರಟಿದ್ದೆ. ಇದು ಸತ್ಯ. ಕಚೇರಿಯ ಬಾಗಿಲವರೆಗೆ ಹೋಗಿಯೂ ಇದ್ದೆ.

"ಬಿಸ್ಲು ನೋಡ್ರಿ ಹೆಂಗೈತೆ," ಎಂದರು ವೈಸ್ ಪ್ರೆಸಿಡೆಂಟರು. "ಬಾವಿ ಎಲ್ಲಿಗೆ ಓಡಿ ಹೋಗ್ತೈತೆ? ಬರ್ರಿ, ಕುಂತ್ಕಳ್ರಿ, ರುಜು ಹಾಕ್ರಿ."

ಬಾವಿ ಓಡಿ ಹೋಗುವುದಿಲ್ಲ ಎಂಬ ಮಾತು ನನಗೆ ಬಹಳ ಸರಿಯಾಗಿ ಕಂಡಿತು. ಕೂತೆ, ರುಜು ಹಾಕಿದೆ. ಸಂಜೆ ಮನೆಗೆ ಒಂದು ಗೊನೆ ಬಾಳೆಹಣ್ಣು ಬಂತು. ಲಂಚ ತಿನ್ನುವವರು ಬಂಗಾರ, ಜಮೀನು ತಿಂದಾರು. ನಾನು ತಿಂದದ್ದು ಬಾಳೆಹಣ್ಣು, ಅದೂ ಅರ್ಧ ಕಪ್ಪಾಗಿತ್ತು. ಮಾವನವರು ನಾಲ್ಕು ತಿಂದು ಯಾರು ಕಳಿಸಿದ್ದೆಂದು ಕೇಳಿದರು. ಆಫೀಸಿನವರು ಎಂದೆ. "ಒಳ್ಳೇ ಜನ ಬಿಡು," ಎಂದರು. ಅವರು ಮುನಿಸಿಪಾಲಿಟಿಯನ್ನು ಹೊಗಳಿದ್ದು ಅದೊಂದೇ ಸಲ.

ಹದಿನೈದು ದಿನವಾಗಿರಲಿಲ್ಲ, ನಮ್ಮ ಮನೆಯವಳು ಬರಿದಾದ ಕೊಡ ಹಿಡಿದು ಬಂದು, "ಬಾವಿ ಹಗ್ಗಕ್ಕೆ ಇನ್ನೆರಡು ಮಾರು ಬೇಕ್ರಿ, ನೀರು ಎಟುಕ್ತಿಲ್ಲ" ಎಂದಳು. ಕಾಗದದ ಮೇಲೆ ನಾನು ಆಳ ಮಾಡಿಸಿ ನೀರು ತುಂಬಿಸಿದ ಬಾವಿ! ಮಾತಾಡದೆ ಸಂತೆಗೆ ಹೋಗಿ ಹಗ್ಗ ತಂದುಕೊಟ್ಟೆ. ಕೆಳಗಿನ ಬೀದಿಯ ಹೆಂಗಸರು ಕೋಳಿ ಕೂಗುವ ಮೊದಲೇ ಎದ್ದು ಪಾಳಿ ನಿಲ್ಲುತ್ತಿದ್ದರು. ತುಂಬು ಬಸುರಿಯೊಬ್ಬಳು ಅಲ್ಲೇ ತಲೆಸುತ್ತಿ ಬಿದ್ದಳು ಎಂಬ ಸುದ್ದಿಯೂ ಬಂತು. ಕೇಳಿ ನಾನು ಕಚೇರಿಗೆ ಬೇರೆ ಬೀದಿಯಿಂದ ಹೋಗತೊಡಗಿದೆ. ಅಂಥ ಶೂರ ನಾನು.

ಸುದ್ದಿ ಜಗಲಿಗೂ ಮುಟ್ಟಿತು. ಮಾವನವರು ಯಾರ ಮಾತನ್ನೂ ನಂಬಿ ಬರೆಯುವವರಲ್ಲ, ಖುದ್ದು ನೋಡಬೇಕು. ಅರವತ್ತು ದಾಟಿದ ಮನುಷ್ಯ ದೊಡ್ಡದೊಂದು ಮಂಕರಿಯಲ್ಲಿ ಕೂತು, ನಾಲ್ಕು ಜನರಿಂದ ಹಗ್ಗ ಹಿಡಿಸಿ ಬಾವಿಗೆ ಇಳಿದೇಬಿಟ್ಟರು. ತಳದಲ್ಲಿ ಇಳಿದು ನಿಂತರೆ ನೀರು ಕಾಲಿನ ಹರಡಿನವರೆಗೂ ಇರಲಿಲ್ಲವಂತೆ. ಮೇಲೆ ಬಂದಾಗ ಹೆಂಗಸರು ಸುತ್ತುಗಟ್ಟಿ, ಕುಡಿಯೋ ನೀರಿಗೆ ಕಾಲಿಟ್ಟರಲ್ಲ ಎಂದು ಹಿಗ್ಗಾಮುಗ್ಗಾ ಬೈದರು. ಮಾವನವರು ಯೋಚಿಸಿ, ಅದು ನಿಜ ಎಂದು ಒಪ್ಪಿಕೊಂಡರು. ಹಾಗಾಗಿ ಆ ಸಲದ ಮೂಗರ್ಜಿಯಲ್ಲಿ ಎರಡು ಬಾಬು ಇದ್ದವು. ಮೊದಲನೆಯದು, ಬಾವಿಯ ಹೂಳು ತೆಗೆಯದೆ ತೆಗೆದಂತೆ ಸುಳ್ಳು ಷರಾ ಬರೆದವರ ಮೇಲೆ ವಿಚಾರಣೆಯಾಗಬೇಕು. ಎರಡನೆಯದು, ಆ ಬಾವಿಗೆ ಕಾಲಿಟ್ಟ ಮುದುಕನ ಮೇಲೂ ಆಗಬೇಕು.

ನನ್ನ ಮೇಜಿಗೆ ಬಂದ ಅರ್ಜಿಗಳ ಗತಿ ಏನಾಗುತ್ತದೆಂದು ಅವರಿಗೆ ಅನುಭವವಿತ್ತು. ಈ ಸಲ ಹಿರಿಯೂರಿಗೆ ಹೋಗಿ, ನೇರವಾಗಿ ದುರ್ಗದ ದೊಡ್ಡ ಸಾಹೇಬರಿಗೇ ಕಳಿಸಿದರು. ಜಗಲಿಯಲ್ಲಿ ಓದಿದ್ದು ನಾನು ಕಚೇರಿಗೆ ಹೋದ ಮೇಲಂತೆ. ಷರಾ ವೈಸ್ ಪ್ರೆಸಿಡೆಂಟರದೆಂದೇ ಅವರು ತಿಳಿದಿದ್ದರು, ಬರೆದ ಕೈ ನನ್ನದೆಂದು ಗೊತ್ತಿರಲಿಲ್ಲ. ಅರ್ಜಿ ಹೋಗಿದೆಯೆಂದು ನನಗೆ ಗೊತ್ತಿರಲಿಲ್ಲ. ಒಂದೇ ತಟ್ಟೆಯಿಂದ ರೊಟ್ಟಿ ತೆಗೆದುಕೊಂಡು ತಿನ್ನುತ್ತಿದ್ದೆವು.

ತಿಂಗಳೊಪ್ಪತ್ತಿನಲ್ಲಿ, ನಾಳೆ ಸಾಹೇಬರೊಬ್ಬರು ವಿಚಾರಣೆಗೆ ಬರುತ್ತಾರೆಂದು ಹುಕುಂ ಬಂತು. ವೈಸ್ ಪ್ರೆಸಿಡೆಂಟರು ನನ್ನನ್ನು ಒಳಗೆ ಕರೆದು ಕದ ಹಾಕಿಕೊಂಡರು.

"ಕಾಗ್ದದ ಮ್ಯಾಲೆ ರುಜು ಇರೋದು ನಿಮ್ದು ನೋಡ್ರಿ, ನಮ್ದಲ್ಲ. ಖುದ್ದು ನೋಡೀನಿ ಅಂತ ಗಟ್ಟಿಯಾಗಿ ಹೇಳ್ರಿ. ಆಮ್ಯಾಲೆ ಮತ್ತೆ ಹೂಳು ಬಿತ್ತು ಅಂದ್ರಾತು. ಅರ್ಜಿ ಬರ್ದೋನು ಸುಳ್ಳ ಆಗ್ತಾನೆ, ಅವನ ಮ್ಯಾಲೆ ಕೇಸು ಹಾಕ್ತಾರೆ. ಇಲ್ಲಾಂದ್ರೆ ನಿಮ್ ಕೆಲ್ಸ ಹೋತು."

ಅರ್ಜಿ ಬರೆದವರು ಯಾರೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಎಲ್ಲ ಹೇಳಿಬಿಟ್ಟೆ. ಬಡಿಸುತ್ತಿದ್ದ ನಮ್ಮ ಮನೆಯವಳು ಸೌಟು ಕೆಳಗಿಟ್ಟು, "ಮಗಳ ಮನೆ ಒಲೆ ಮ್ಯಾಲೇ ಅರ್ಜಿ ಹಾಕಿದ್ರಲ್ಲ ಅಪ್ಪಯ್ಯ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ನಂಗೆ ಹಗ್ಗ ತಂದುಕೊಟ್ರಲ್ಲ" ಎಂದಳು. ಅಷ್ಟೇ ಹೇಳಿದ್ದು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಮಾವನವರ ಕೈಯ ತುತ್ತು ಕೈಯಲ್ಲೇ ಇತ್ತು. "ಖುದ್ದು ನೋಡಿದ್ಯಾ?"

"ಇಲ್ಲ ಮಾವ."

"ಆ ಬಾಳೆಹಣ್ಣು?"

"ಹೂಂ. ಅದೇ."

"ನಾಕು ತಿಂದ್ನಲ್ಲೋ ನಾನು," ಎಂದು ಎದ್ದು ಕೈ ತೊಳೆದುಕೊಂಡರು.

ಮಾರನೆಯ ದಿನ ಚಾವಡಿ ಕಿಕ್ಕಿರಿದಿತ್ತು. ಸಾಹೇಬರು ಸಣ್ಣ ವಯಸ್ಸಿನವರು, ಮಾತು ಕಡಿಮೆ. ಮೂಗರ್ಜಿಯನ್ನು ಮುಂದಿಟ್ಟುಕೊಂಡು, "ಇದರಲ್ಲಿ ಹೆಸರಿಲ್ಲ, ವಿಳಾಸ ಇದೆ. ಈ ಮನೆಯವರು ಯಾರು?" ಎಂದರು. ಜನ ಕಿಸಕ್ಕನೆ ನಕ್ಕರು. ಮಾವನವರು ಎದ್ದು ನಿಂತು, ಬರೆದದ್ದು ತಾವೇ ಎಂದರು.

"ಬರೆದದ್ದೆಲ್ಲ ನಿಜವೋ?"

ಮಾವನವರು ಒಂದು ಸಲ ನನ್ನ ಕಡೆ ನೋಡಿದರು. "ಇಲ್ಲ ಸ್ವಾಮಿ. ಸುಳ್ಳು."

ನಗು ನಿಂತಿತು.

"ವಯಸ್ಸಾತು, ಕಣ್ಣು ಮಂಜು. ಬಾವಿ ಚೆನ್ನಾಗೇ ಐತೆ. ಬರ್ಯೋದು ನಂಗೊಂದು ಚಟ. ಊರಾಗೆ ಯಾರ್ನ ಬೇಕಾದ್ರೂ ಕೇಳ್ರಿ, ಹುಚ್ಚು ಮುದ್ಕ ಅಂತಾರೆ. ಕೇಸು ಹಾಕೋದಿದ್ರೆ ನನ್ ಮ್ಯಾಲೆ ಹಾಕ್ರಿ."

ಸ್ವಂತ ಜಗಲಿಯನ್ನು ಒಡೆಸಿದ ಮನುಷ್ಯ ಹೀಗೆ ಹೇಳುತ್ತಿದ್ದರು. ವೈಸ್ ಪ್ರೆಸಿಡೆಂಟರು ನೆಮ್ಮದಿಯಿಂದ ಎಲೆಗೆ ಸುಣ್ಣ ಹಚ್ಚತೊಡಗಿದರು. ಇನ್ನು ನಾನು ಮಾಡಬೇಕಾದದ್ದು ಏನೂ ಇರಲಿಲ್ಲ. ಸಾಹೇಬರು ಕೇಳಿದಾಗ ಒಂದು ಸಲ ಹೌದು ಎಂದು, ಮಿಕ್ಕ ಹೊತ್ತು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದರಲ್ಲಂತೂ ನನ್ನನ್ನು ಮೀರಿಸುವವರು ನಮ್ಮ ತಾಲ್ಲೂಕಿನಲ್ಲೇ ಇರಲಿಲ್ಲ.

"ಗುಮಾಸ್ತರೆ, ನೀವು ಖುದ್ದು ನೋಡಿದ್ದೀರೋ?"

ನನ್ನದು ಧೈರ್ಯ ಎಂದು ಯಾರೂ ತಿಳಿಯಬಾರದು. ಮಾವನವರು ತಲೆ ತಗ್ಗಿಸಿ ನಿಂತಿದ್ದರು. ಅವರು ತಲೆ ತಗ್ಗಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನಿಂದಾಗಿ ಅವರು ಹಾಗೆ ನಿಂತದ್ದನ್ನು ನೋಡಲಾಗಲಿಲ್ಲ, ಅಷ್ಟೇ.

"ನೋಡಿಲ್ಲ ಸ್ವಾಮಿ," ಎಂದೆ. ದನಿ ಬೇರೆ ಯಾರದೋ ಇದ್ದ ಹಾಗಿತ್ತು. "ಮಾವನವರು ಹೇಳಿದ್ದು ಸುಳ್ಳು, ಬರ್ದಿದ್ದು ನಿಜ." ಆಮೇಲೆ ಎಲ್ಲ ಹೇಳಿದೆ: ಬಿಸಿಲು, ಕೊಡೆ, ಬಾಳೆಹಣ್ಣು, ಹಗ್ಗ. ವೈಸ್ ಪ್ರೆಸಿಡೆಂಟರ ಎಲೆ ಬಾಯಿಯವರೆಗೆ ಹೋಗಲಿಲ್ಲ.

ಸಾಹೇಬರು ಅಲ್ಲಿಂದೆದ್ದು ಬಾವಿಗೆ ಹೋಗಿ, ತಾವೇ ನಿಂತು ಅಳೆಸಿದರು. ಕಂತ್ರಾಟುದಾರ ತನ್ನ ಖರ್ಚಿನಲ್ಲಿ ಹೂಳು ಪೂರಾ ತೆಗೆಸಬೇಕೆಂದು ಹುಕುಂ ಆಯಿತು. ವೈಸ್ ಪ್ರೆಸಿಡೆಂಟರ ಮೇಲೆ ಮೇಲಿನವರಿಗೆ ಬರೆದರು. ನನ್ನ ಕೆಲಸ ಅಂದೇ ಹೋಯಿತು. "ನಿಜ ಹೇಳಿದಿರಿ, ಸಂತೋಷ. ಆದರೆ ಇವರ ಕೆಲಸ ಉಳಿಸೋದು ನನ್ನ ಕೈಲಿಲ್ಲ," ಎಂದು ಅರ್ಧ ನನಗೆ, ಅರ್ಧ ಮಾವನವರಿಗೆ ಹೇಳಿದರು. ಮಾವನವರು, "ಗೊತ್ತು ಸ್ವಾಮಿ" ಎಂದರು.

ನಮ್ಮ ಕಡೆ ಹಿರಿಯರು ಮುಂದೆ ನಡೆಯುತ್ತಾರೆ, ಕಿರಿಯರು ನಾಲ್ಕು ಹೆಜ್ಜೆ ಹಿಂದೆ. ಚಾವಡಿಯ ಮೆಟ್ಟಿಲಿಳಿದು, ಅವರು ಮುಂದಾಗಲೆಂದು ಪಕ್ಕಕ್ಕೆ ಸರಿದು ನಿಂತೆ. ಅವರು ಮುಂದಾಗಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ತುಸು ತಳ್ಳಿದರು.

"ನೀನ್ ಮುಂದ್ ನಡ್ಯಪ್ಪ."

"ನೀವ್ ನಡೀರಿ ಮಾವ."

"ಇಲ್ಲ. ಇವತ್ತು ನೀನೇ ನಡಿ. ನಾನು ಹಿಂದ್ಗಡೆ ಬರ್ತೀನಿ."

ನಡೆದೆ. ಬೀದಿಯ ಎರಡೂ ಕಡೆ ಜನ ಜಗಲಿಗಳಲ್ಲಿ ನಿಂತು ಕೆಲಸ ಕಳೆದುಕೊಂಡವನನ್ನು ನೋಡುತ್ತಿದ್ದರು. ತಲೆ ತಗ್ಗಿಸಿಕೊಂಡು ಬೇಗ ದಾಟಿಬಿಡೋಣ ಎನ್ನಿಸಿತು. ಹಿಂದಿನಿಂದ ಮಾವನವರ ಮೆಟ್ಟಿನ ಸದ್ದು ಒಂದೇ ಸಮ ಬರುತ್ತಿತ್ತು. ಮನೆ ಸಿಗುವವರೆಗೂ ತಲೆ ತಗ್ಗಿಸಲಾಗಲಿಲ್ಲ.