ವಿಶ್ವಾರಾಧ್ಯರ ಮಡಿ ಶೇರುಗಳು

"ಇನ್ನು ಮೇಲೆ ನನ್ನ ಪೋರ್ಟ್‌ಫೋಲಿಯೋದಲ್ಲಿ ಒಂದೇ ಒಂದು ಮೈಲಿಗೆ ಶೇರು ಇರೋ ಹಾಗಿಲ್ಲ!"

ಚಾಮರಾಜಪೇಟೆಯ ತಮ್ಮ ಮನೆಯ ಹಾಲಿನಲ್ಲಿ ನಿಂತು ವಿಶ್ವಾರಾಧ್ಯರು ಹೀಗೆ ರಾಜಾಜ್ಞೆ ಹೊರಡಿಸಿದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಮೊಬೈಲು, ಮುಖದಲ್ಲಿ ಸಿಂಹಾಸನ ಬಿಟ್ಟು ಕಾಡಿಗೆ ಹೊರಟ ಚಕ್ರವರ್ತಿಯ ಕಳೆ. ಪಾಪ, ಕೇಳಿಸಿಕೊಳ್ಳಲು ಇದ್ದ ಪ್ರಜೆಗಳು ಇಬ್ಬರೇ. ಹೆಂಡತಿ ಶೈಲಜಮ್ಮ ಅಡುಗೆಮನೆಯಲ್ಲಿ ಬಗ್ಗಿ, ಸೋರುವ ಸಿಂಕಿನ ಕೆಳಗೆ ತುಂಬಿದ್ದ ಬಕೆಟ್ಟನ್ನು ಎಳೆದು ಖಾಲಿ ಬಕೆಟ್ ತಳ್ಳುತ್ತಿದ್ದರು. ಬಿ.ಕಾಂ. ಓದುವ ಮಗಳು ಮಾನ್ಯ ದೋಸೆ ತಿನ್ನುತ್ತಿದ್ದಳು.

"ಶೇರಿಗೂ ಮೈಲಿಗೆ ಇರತ್ತೇನ್ರೀ?" ಅಂದರು ಶೈಲಜಮ್ಮ, ಬಗ್ಗಿದಲ್ಲಿಂದಲೇ.

"ಇರತ್ತೆ. ಗಜಪತಿ ಬ್ರೂವರೀಸ್ ಇವತ್ತೇ ಮಾರ್ತಿದೀನಿ."

ಶೈಲಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದರು. "ಗಜಪತೀನಾ? ಅದು ಬಾರ್ಲಿ ಕಂಪನಿ ಅಂದಿದ್ರಿ! ಗಂಜಿ ಪುಡಿ ಮಾಡ್ತಾರೆ ಅಂದ್ಕೊಂಡು ನಾನು ಅಕ್ಕಪಕ್ಕದೋರಿಗೆಲ್ಲ ಹೇಳ್ಕೊಂಡು ಬಂದೆ!"

"ಬಾರ್ಲೀನೇ. ಆದ್ರೆ ಸ್ವಲ್ಪ ಜಾಸ್ತಿ ದಿನ ನೆನೆಸಿಡ್ತಾರೆ," ಅಂದರು ವಿಶ್ವಾರಾಧ್ಯರು, ಕಿಟಕಿಯ ಕಡೆ ನೋಡುತ್ತ.

ಈ ದಿಢೀರ್ ವೈರಾಗ್ಯಕ್ಕೆ ಕಾರಣ ಇತ್ತು. ಬಡಾವಣೆಯಲ್ಲಿ 'ವ್ಯಸನಮುಕ್ತ ವೇದಿಕೆ' ಅಂತ ಒಂದಿದೆ. ಶಾಲೆ ಶಾಲೆಗೆ ಹೋಗಿ ಕುಡಿತದ ಕೆಡುಕು ಸಾರುವ ಹಿರಿಯರ ಸಂಘ. ಅದರ ಅಧ್ಯಕ್ಷರಾದ ಶ್ರೀನಿವಾಸಯ್ಯನವರು ಮಂಡಿ ನೋವಿನಿಂದ ವೇದಿಕೆ ಹತ್ತಲಾರದೆ ಕುರ್ಚಿ ಬಿಡುತ್ತಿದ್ದರು. ಆ ಕುರ್ಚಿಯ ಮೇಲೆ ನಮ್ಮ ವಿಶ್ವಾರಾಧ್ಯರಿಗೆ ಕಣ್ಣು. ಭಾಷಣದಲ್ಲಿ ಅವರನ್ನು ಮೀರಿಸುವವರಿಲ್ಲ. "ಮದ್ಯ!" ಅಂತ ಶುರು ಮಾಡಿದರೆ ಮುಂದಿನ ಸಾಲಿನ ಮಕ್ಕಳು ಅತ್ತುಬಿಡುತ್ತಿದ್ದವು. ಎದುರಾಳಿ ಹಾರ್ಡ್‌ವೇರ್ ಅಂಗಡಿ ಕೈಲಾಸ್. ಅವನೇನಾದರೂ ಮೂಗು ತೂರಿಸಿ, ಮದ್ಯವಿರೋಧಿ ಮಹಾನುಭಾವರು ಬಿಯರ್ ಕಂಪನಿಯ ಪಾಲುದಾರರು ಅಂತ ಪತ್ತೆ ಮಾಡಿಬಿಟ್ಟರೆ? ಮಾನ ಮೂರು ಕಾಸಿಗೆ ಹರಾಜು!

ಆದರೆ ಸಂಕಟ ನೋಡಿ. ವಿಶ್ವಾರಾಧ್ಯರ ಮೊಬೈಲಿನಲ್ಲಿ ಲಾಭದ ಹಸಿರು ಬಣ್ಣ ತೋರಿಸುತ್ತಿದ್ದ ಮುಖ್ಯ ಶೇರು ಅಂದರೆ ಆ ಬಿಯರ್ರೇ. ಇನ್ನು ನಾಲ್ಕೈದು ಹಸಿರೋ ಕೆಂಪೋ ಅಂತ ತಿಣುಕಾಡುತ್ತಿದ್ದವು, ಮಿಕ್ಕವೆಲ್ಲ ಬರೀ ನಷ್ಟದ ಕೆಂಪು. ಈ ಹಸಿರನ್ನೇ ತೋರಿಸಿ ಅವರು ಹೆಂಡತಿಗೆ ಮಾತು ಕೊಟ್ಟಿದ್ದರು: ಬಸವ ಜಯಂತಿಯೊಳಗೆ ಹೊಸ ಅಡುಗೆಮನೆ. ಒಡೆದ ಕಡಪ ಕಲ್ಲು ಹೋಗಿ ಗ್ರಾನೈಟು, ಸೋರುವ ಸಿಂಕು ಹೋಗಿ ಸ್ಟೀಲಿನದು, ಹೊಗೆ ಎಳೆಯೋ ಚಿಮಣಿ. ಶೈಲಜಮ್ಮ ಟೈಲ್ಸಿನ ಬಣ್ಣ ಕೂಡ ಆರಿಸಿಟ್ಟಿದ್ದರು.

"ಸರಿ, ಮಾರಿ," ಅಂದರು ಶೈಲಜಮ್ಮ. "ಒಳ್ಳೇದೇ ಆಯ್ತು. ಲಾಭ ಬರತ್ತಲ್ಲ, ನಾಳೆಯಿಂದ್ಲೇ ಅಡುಗೆಮನೆ ಕೆಲಸ ಶುರು ಮಾಡ್ಸಿ."

"ಶಿವಶಿವಾ! ಬಿಯರ್ ದುಡ್ಡಲ್ಲಿ ಕಟ್ಟಿದ ಅಡುಗೆಮನೇಲಿ ಶಿವನಿಗೆ ನೈವೇದ್ಯ ಬೇಯಿಸೋದಾ? ಆ ದುಡ್ಡು ಮೊದಲು ಶುದ್ಧ ಆಗ್ಬೇಕು. ಒಂದು ಒಳ್ಳೇ ಕಂಪನೀಲಿ ಹಾಕಿ, ಅಲ್ಲಿ ಬಂದ ಲಾಭ ಮಾತ್ರ ಮುಟ್ಟೋದು."

"ಹಾಗಾದ್ರೆ ಇಷ್ಟು ದಿನ ಆ ಶೇರು ಇಟ್ಕೊಂಡು ಪೂಜೆ ಮಾಡಿದ್ರಲ್ಲ, ಅದು?"

"ಅದು ಅಜ್ಞಾನ," ಅಂದರು ವಿಶ್ವಾರಾಧ್ಯರು. ಬಿಯರ್ ಹೊರಟೇಹೋಯಿತು!

ಅಲ್ಲಿಗೇ ನಿಂತಿದ್ದರೆ ಇದನ್ನು ನಿಮಗೆ ಹೇಳುವ ಅಗತ್ಯವೇ ಇರಲಿಲ್ಲ. ಮಾನ್ಯ ದೋಸೆ ಮುಗಿಸಿ ಅಪ್ಪನ ಪಕ್ಕ ಕೂತು ಮೊಬೈಲಿಗೆ ಇಣುಕಿದಳು. "ಅಪ್ಪಾ, ಈ ಗಾಜಿನ ಕಂಪನಿ ಏನು ಮಾಡತ್ತೆ?"

"ಬಾಟಲಿ."

"ಯಾರಿಗೆ?"

ವಿಶ್ವಾರಾಧ್ಯರು 'ಮಾರು' ಗುಂಡಿ ಒತ್ತಿದರು. ಗಾಜು ಹೋಯಿತು. ಸಕ್ಕರೆ ಕಾರ್ಖಾನೆಯ ಕಾಕಂಬಿ ಯಾವ ಸಾರಾಯಿ ಭಟ್ಟಿಗೆ ಹೋಗತ್ತೆ ಅಂತ ಕೇಳಿದಳು. ಸಕ್ಕರೆ ಹೋಯಿತು. ಹೋಟೆಲ್ ಕಂಪನಿಯ ಕೆಳಮಹಡಿಯಲ್ಲಿ ಏನಿದೆ ಅಂದಳು. ಹೋಟೆಲೂ ಹೋಯಿತು! ಹುಡುಗಿ ತಮಾಷೆಗೆ ಕೇಳುತ್ತಿದ್ದಳು, ಅಪ್ಪ ಗಂಭೀರವಾಗಿ ಮಾರುತ್ತಿದ್ದರು. ಬ್ಯಾಂಕಿನ ಶೇರಿಗೆ ಬಂದಾಗ ಅವರೇ ಮುಂದಾಗಿ, "ಇವರು ಬ್ರೂವರಿಗೆ ಸಾಲ ಕೊಟ್ಟಿರಲ್ಲ ಅಂತ ಏನು ಗ್ಯಾರಂಟಿ?" ಅಂದು ಒತ್ತಿಬಿಟ್ಟರು.

ಒಂದು ಕಂಪನಿ ಮಾತ್ರ ಅವರನ್ನು ಪೇಚಿಗೆ ಸಿಕ್ಕಿಸಿತು. ಅದು ಸಿಗರೇಟೂ ಮಾಡುತ್ತಿತ್ತು, ಗೋಧಿಹಿಟ್ಟೂ ಮಾಡುತ್ತಿತ್ತು.

"ನಮ್ಮನೆ ಚಪಾತಿ ಅದರ ಹಿಟ್ಟಿಂದೇ," ಅಂದಳು ಮಾನ್ಯ.

ವಿಶ್ವಾರಾಧ್ಯರು ಕಣ್ಣು ಮುಚ್ಚಿ ಧ್ಯಾನ ಮಾಡಿದರು. ಆಮೇಲೆ ಅರ್ಧ ಶೇರು ಮಾರಿದರು. ಸಿಗರೇಟಿನ ಅರ್ಧ ಹೋಯಿತಂತೆ, ಚಪಾತಿಯ ಅರ್ಧ ಉಳಿಯಿತಂತೆ! ನಗಬೇಡಿ, ಅವರು ಇದನ್ನು ನಿಜವಾಗಿಯೂ ನಂಬಿದ್ದರು.

ಕೈಗೆ ಬಂದ ಅಷ್ಟೂ ದುಡ್ಡನ್ನು ಎಲ್ಲಿ ಹಾಕುವುದು? ಒಂದು ವಾರ ಹುಡುಕಿ ಹುಡುಕಿ ಕೊನೆಗೆ ಪರಮಪವಿತ್ರವಾದ ಕಂಪನಿಯೊಂದನ್ನು ಕಂಡುಹಿಡಿದರು. 'ದಿವ್ಯಸುಗಂಧ ಧೂಪ ಲಿಮಿಟೆಡ್'. ಊದುಬತ್ತಿ, ಲೋಬಾನ, ವಿಭೂತಿ ಗಟ್ಟಿ. ಮಾಲೀಕನ ಫೋಟೋ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತಿತ್ತು, ಕುತ್ತಿಗೆ ತುಂಬ ಅಷ್ಟು ರುದ್ರಾಕ್ಷಿ.

"ಲೆಕ್ಕಪತ್ರ ನೋಡಿದ್ಯಾ ಅಪ್ಪಾ?" ಅಂದಳು ಮಾನ್ಯ.

"ಮುಖ ನೋಡಿದೆ, ಸಾಕು."

"ಎಲ್ಲಾ ದುಡ್ಡೂ ಒಂದೇ ಕಡೆ ಹಾಕ್ತೀರಾ? ಸ್ವಲ್ಪ ಆದ್ರೂ ಅಡುಗೆಮನೆಗೆ ಅಂತ ತೆಗೆದಿಡ್ರೀ," ಅಂದರು ಶೈಲಜಮ್ಮ. ದನಿಯಲ್ಲಿ ಕೋಪಕ್ಕಿಂತ ಅಂಗಲಾಚುವಿಕೆಯೇ ಹೆಚ್ಚಿತ್ತು. ಬೆಳಿಗ್ಗೆಯಷ್ಟೇ ಬಕೆಟ್ ಎತ್ತುವಾಗ ಅವರ ಸೊಂಟ ಹಿಡಿದುಕೊಂಡಿತ್ತು.

"ನೋಡ್ತಾ ಇರು ಶೈಲಜಾ, ಈ ದುಡ್ಡು ಎರಡರಷ್ಟಾಗತ್ತೆ. ಚಿಮಣಿ ಒಂದಲ್ಲ, ಎರಡು ಹಾಕಿಸ್ತೀನಿ!"

ಮೊದಲ ವಾರ ಶೇರು ಮೇಲೇರಿತು. ವಿಶ್ವಾರಾಧ್ಯರು ಕಂಪನಿಯ ಮೇಲಿನ ಅಭಿಮಾನಕ್ಕೆ ಗಾಂಧಿಬಜಾರಿನಿಂದ ಅದರದೇ ಊದುಬತ್ತಿ ಹೊತ್ತು ತಂದು, ದಿನಾ ಒಂದು ಪೊಟ್ಟಣ ಪೂರ್ತಿ ಹಚ್ಚಿದರು. ಮನೆಯೆಲ್ಲ ಹೊಗೆ. ಚಿಮಣಿ ಇಲ್ಲದ ಮನೆಯಲ್ಲಿ ಶೈಲಜಮ್ಮ ಕೆಮ್ಮಿದರು, ಮಾನ್ಯ ಸೀನಿದಳು, ಪಕ್ಕದ ಮನೆಯವರು ಏನೋ ಹತ್ತಿಕೊಂಡಿದೆ ಅಂತ ಓಡಿ ಬಂದರು.

ಎರಡನೇ ವಾರ ನಿಜವಾಗಿಯೂ ಹತ್ತಿಕೊಂಡಿತು. ರುದ್ರಾಕ್ಷಿ ಮಾಲೀಕ ಕಂಪನಿಯ ದುಡ್ಡು ತಗೊಂಡು ಗೋವಾಕ್ಕೆ ಹೋಗಿ, ಕ್ಯಾಸಿನೊದಲ್ಲಿ ಅಷ್ಟನ್ನೂ ಜೂಜಾಡಿ ಕಳೆದಿದ್ದ! ಸುದ್ದಿ ಟಿವಿಯಲ್ಲಿ ಬಂತು. ಅವತ್ತಿನಿಂದ ದಿನಾ ಮಾರುಕಟ್ಟೆ ತೆರೆದ ಕೂಡಲೇ ಬೆಲೆ ಇಳಿಯಬಹುದಾದಷ್ಟು ಇಳಿದು ನಿಂತುಬಿಡುತ್ತಿತ್ತು. ಮಾರಲು ಊರಿಗೆ ಊರೇ ನಿಂತಿದೆ, ಕೊಳ್ಳಲು ನರಪಿಳ್ಳೆ ಇಲ್ಲ. ವಿಶ್ವಾರಾಧ್ಯರು 'ಮಾರು' ಗುಂಡಿಯನ್ನು ಒತ್ತಿ ಒತ್ತಿ ಹೆಬ್ಬೆರಳು ಬಾವು ಬರಿಸಿಕೊಂಡರು.

ಗಜಪತಿ ಏನಾಯಿತು ಅಂತೀರಾ? ಬೆಂಗಳೂರಿಗೆ ಬೇಸಿಗೆ ಬಂತು. ಅದರ ಹಿಂದೆಯೇ ಕ್ರಿಕೆಟ್ ಬಂತು. ಜನಕ್ಕೆ ಬಾಯಾರಿತು. ಗಜಪತಿ ಆಕಾಶಕ್ಕೆ ನೆಗೆಯಿತು!

ವಿಶ್ವಾರಾಧ್ಯರಿಗೆ ಅಳು ಬಂತು. ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಅತ್ತರು ಕೂಡ. ಆದರೆ ಅಡುಗೆಮನೆ ಹೋದರೇನು, ಅಧ್ಯಕ್ಷಗಿರಿ ಇದೆಯಲ್ಲ! ಕಳೆದುಕೊಂಡದ್ದನ್ನೇ ತ್ಯಾಗ ಅಂತ ಮಂಡಿಸಿದರಾಯಿತು. ಆಯ್ಕೆಯ ಸಭೆಯ ದಿನ ಇಸ್ತ್ರಿ ಮಾಡಿದ ಜುಬ್ಬ ತೊಟ್ಟು ಮೈಕ್ ಹಿಡಿದರು.

"ಬಂಧುಗಳೇ! ನನ್ನ ಹತ್ತಿರ ಒಂದು ಬಿಯರ್ ಕಂಪನಿಯ ಶೇರಿತ್ತು. ಹೌದು, ಇತ್ತು! ಲಾಭ ಬರ್ತಿತ್ತು. ಆದರೂ ತತ್ವಕ್ಕೋಸ್ಕರ ಗಜಪತಿಯನ್ನ ಒದ್ದು ಹೊರಗೆ ಹಾಕಿದೆ!"

ಚಪ್ಪಾಳೆಗೆ ಅಂತ ನಿಲ್ಲಿಸಿದರು.

"ಯಾವಾಗ ಮಾರಿದ್ರಿ?" ಅಂದರು ಶ್ರೀನಿವಾಸಯ್ಯ, ಮಂಡಿ ನೀವಿಕೊಳ್ಳುತ್ತ.

"ಶಿವರಾತ್ರಿ ಮುಗಿದ ಮಾರನೇ ದಿನ."

"ಅಯ್ಯಯ್ಯೋ! ಬೇಸಿಗೆಗೆ ಮುಂಚೆನೇ?" ಇಡೀ ಸಭೆ ಒಂದೇ ಕೊರಳಲ್ಲಿ ಲೊಚಗುಟ್ಟಿತು. "ನಾನು ಆವಾಗ ಇನ್ನಷ್ಟು ತಗೊಂಡೆ," ಅಂದ ಕೈಲಾಸ್. ಹಿಂದಿನ ಸಾಲಿನಿಂದ ಇನ್ನೊಬ್ಬರು, "ನಮ್ಮನೇವ್ರ ಹೆಸರಲ್ಲಿ ಇದೆ," ಅಂದರು.

ವಿಶ್ವಾರಾಧ್ಯರು ಒಬ್ಬೊಬ್ಬರ ಮುಖವನ್ನೂ ನೋಡಿದರು. "ನೀವೆಲ್ಲಾ... ಗಜಪತಿ ಇಟ್ಕೊಂಡಿದೀರಾ?"

"ನಾವೇನು, ನಮ್ಮ ವೇದಿಕೆಯ ನಿಧೀನೇ ಅದರಲ್ಲಿದೆ," ಅಂದರು ಶ್ರೀನಿವಾಸಯ್ಯ ತಣ್ಣಗೆ. "'ಕುಡಿತ ಬಿಡಿ' ಅಂತ ಶಾಲೆಗಳಲ್ಲಿ ಹಂಚ್ತೀರಲ್ಲ ಪುಸ್ತಕ, ಅದು ಗಜಪತಿಯ ಡಿವಿಡೆಂಡ್‌ನಲ್ಲೇ ಅಚ್ಚಾಗೋದು. ಲೆಕ್ಕ ಓದೋ ಹೊತ್ತಿಗೆ ನೀವು ಯಾವಾಗ್ಲೂ ಕಾಫಿಗೆ ಎದ್ದು ಹೋಗ್ತಿದ್ರಿ."

"ಇದು ಅನ್ಯಾಯ ಅಲ್ವಾ?"

"ಅನ್ಯಾಯ ಏನು ಬಂತು? ಕುಡಿಯೋರ ದುಡ್ಡಲ್ಲೇ ಕುಡಿತ ಬಿಡಿಸ್ತಿದೀವಿ. ಇದಕ್ಕಿಂತ ಪುಣ್ಯ ಬೇಕಾ? ಇರಲಿ, ಆ ದುಡ್ಡು ಎಲ್ಲಿ ಹಾಕಿದ್ರಿ?"

"ದಿವ್ಯಸುಗಂಧ," ಅಂದರು ವಿಶ್ವಾರಾಧ್ಯರು, ಮೈಕಿಗೂ ಕೇಳಿಸದ ಹಾಗೆ.

ಶ್ರೀನಿವಾಸಯ್ಯನವರು ಸಭೆಯ ಕಡೆ ತಿರುಗಿದರು. "ವಿಶ್ವಾರಾಧ್ಯರು ದೊಡ್ಡ ಮನುಷ್ಯರು, ಚಿನ್ನದಂಥ ಮನಸ್ಸು. ಆದ್ರೆ ನಿಧಿ ಇವರ ಕೈಗೆ ಕೊಟ್ರೆ, ನಾಳೆ ಭಾಷಣಕ್ಕೆ ಹೋಗೋಕೆ ಆಟೋ ಚಾರ್ಜೂ ಇರಲ್ಲ." ಕೈಲಾಸ್ ಅವಿರೋಧವಾಗಿ ಅಧ್ಯಕ್ಷನಾದ. ಅವನ ಕೊರಳಿಗೆ ಹಾರ ಹಾಕುವ ಭಾಗ್ಯವನ್ನು, ಎತ್ತರ ಇದ್ದಾರೆ ಅಂತ, ವಿಶ್ವಾರಾಧ್ಯರಿಗೇ ಕೊಟ್ಟರು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಬಂದು ಕೂತಿತ್ತು. ಮಾನ್ಯ ನಗು ತಡೆಯಲಾರದೆ ದಿಂಬಿನಲ್ಲಿ ಮುಖ ಹುದುಗಿಸಿದ್ದಳು. ಶೈಲಜಮ್ಮ ನಗಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು, ಬೇಜಾನ್ ಸಿಟ್ಟು. ಗಂಡನ ಮುಂದೆ ಕೈಚಾಚಿದರು.

"ಮೊಬೈಲ್ ಕೊಡಿ."

ಕೊಟ್ಟರು.

"ಪಾಸ್‌ವರ್ಡ್ ಹೇಳಿ."

ಹೇಳಿದರು.

ಶೈಲಜಮ್ಮ ಮೊಬೈಲನ್ನು ಮಗಳ ಕೈಗಿಟ್ಟರು. "ಮಾನ್ಯ, ಆ ಚಪಾತಿ ಅರ್ಧ ಉಳಿದಿದೆಯಲ್ಲ, ಅದನ್ನ ಮಾರು. ಬಂದಷ್ಟಕ್ಕೆ ಗಜಪತಿ ತಗೋ. ಇನ್ಮೇಲೆ ಏನು ಇಡೋದು, ಏನು ಬಿಡೋದು, ನಾನು ನೋಡ್ಕೋತೀನಿ." ಆಮೇಲೆ ಗಂಡನ ಕೈಗೆ ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಕೊಟ್ಟರು. "ನೀವು ಬನ್ನಿ ಇಲ್ಲಿ."

ಮೂರೂ ಹೊತ್ತಿನ ಪಾತ್ರೆ ಸಿಂಕಿನಲ್ಲಿ ಗುಡ್ಡೆ ಬಿದ್ದಿತ್ತು. ಜುಬ್ಬದ ತೋಳು ಮಡಚಿಕೊಂಡ ವಿಶ್ವಾರಾಧ್ಯರಲ್ಲಿ ತತ್ವ ಕೊನೆಯ ಸಲ ಮಿಸುಕಾಡಿತು. ತಿರುಗಿ ನಿಂತು, ಎದೆ ಉಬ್ಬಿಸಿ, "ಒಂದು ಮಾತು ಹೇಳ್ತೀನಿ ಶೈಲಜಾ," ಅಂದರು. "ಬಿಯರ್ ದುಡ್ಡಲ್ಲಿ ಹೊಸ ಅಡುಗೆಮನೆ ಕಟ್ಟಿಸಿದ್ರೆ, ಅಲ್ಲಿ ಬೇಯಿಸಿದ್ದನ್ನ ನಾನು ಊಟ ಮಾಡಲ್ಲ!"

"ಊಟ ಮಾಡಿ ಅಂತ ಯಾರು ಅಂದ್ರು?" ಅಂದರು ಶೈಲಜಮ್ಮ. "ಪಾತ್ರೆ ತೊಳೀರಿ, ಸಾಕು."