ಜೂನ್ ಒಂದರ ಮಂದಿ

ಪಂಢರಿಯನ್ನು ಕೆಡಿಸಿದ್ದು ಜಿಪುಣತನವಲ್ಲ, ಅವನ ಜನ್ಮದಿನಾಂಕ. ಜಿಪುಣತನವೂ ಸ್ವಲ್ಪ ಇತ್ತು ಎನ್ನುವುದನ್ನು ಅವನ ಹೆಂಡತಿ ಮಹಾಮಾಯಾ ಒಪ್ಪುತ್ತಾಳೆ. ಆದರೆ ಅದೊಂದರಿಂದಲೇ ಇಷ್ಟೆಲ್ಲ ಆಗುತ್ತಿರಲಿಲ್ಲ.

ಪಂಢರಿ ಭಾಲ್ಕಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಮನೆ ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನ ಹಿಂದಿನ ಓಣಿಯಲ್ಲಿ. ಹೈದರಾಬಾದಿನ ಹೊರಗಿರುವ ನೀರಿನ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿಯ ಎತ್ತರದ ಜಾರುಬಂಡಿಯಲ್ಲಿ ಒಂದೇ ಟ್ಯೂಬಿನ ಮೇಲೆ ಮುಂದೆ ನೀನು ಹಿಂದೆ ನಾನು ಕೂತು ಇಳಿಯೋಣ ಎಂದು ಮಗಳು ಪ್ರಣಿತಾಳಿಗೆ ಅವನು ಮಾತು ಕೊಟ್ಟಿದ್ದ. ಮೊದಲ ಬೇಸಿಗೆ ಹೋಗಲಾಗಲಿಲ್ಲ, ಅವಳು ಅತ್ತಳು. ಎರಡನೆಯ ಬೇಸಿಗೆ ಜಗಳವಾಡಿದಳು. ಈ ಬೇಸಿಗೆ ಕೇಳಲೇ ಇಲ್ಲ. ಪಂಢರಿಗೆ ಹೆದರಿಕೆ ಹುಟ್ಟಿದ್ದು ಆಗ. ಏಳನೆಯ ತರಗತಿ ಮುಗಿಸಿದ ಮಗಳು ತನ್ನ ಮಾತನ್ನು ಗೋಡೆಯ ಮೇಲೆ ನಿಂತುಹೋದ ಗಡಿಯಾರದಂತೆ ನೋಡತೊಡಗಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಗಡಿಯಾರ ಇರುತ್ತದೆ, ಅದನ್ನು ನಂಬಿ ಯಾರೂ ಬಸ್ಸಿಗೆ ಹೊರಡುವುದಿಲ್ಲ.

ಹಾಗಾಗಿ ಮೇ ತಿಂಗಳಲ್ಲಿ ಅವನು ಕಚೇರಿಯ ಊಟದ ಬಿಡುವಿನಲ್ಲಿ ಮೊಬೈಲು ಹಿಡಿದು ಕೂತ. ಟಿಕೆಟ್ಟಿನ ದರ ಬೆಳಿಗ್ಗೆ ಒಂದಿದ್ದರೆ ಸಂಜೆ ಇನ್ನೊಂದು. ಮುಂಗಡ ಬುಕ್ ಮಾಡಿದರೆ ಕಡಿಮೆ. ಒಂದು ಬ್ಯಾಂಕಿನ ಕಾರ್ಡಿನಿಂದ ಕಟ್ಟಿದರೆ ಇನ್ನೂ ಕಡಿಮೆ, ಆ ಕಾರ್ಡು ಅವನ ಬಳಿ ಇರಲಿಲ್ಲ. ಹೀಗೆ ಹುಡುಕುತ್ತ ಹುಡುಕುತ್ತ ಪುಟದ ತಳ ಮುಟ್ಟಿದವನಿಗೆ ಸಣ್ಣ ಅಕ್ಷರಗಳ ಒಂದು ಸಾಲು ಕಂಡಿತು. ಹುಟ್ಟುಹಬ್ಬದ ದಿನವೇ ಬಂದು ಆಧಾರ್ ಕಾರ್ಡು ತೋರಿಸಿದವರಿಗೆ ಪ್ರವೇಶ ಉಚಿತ.

ಪಂಢರಿಯ ಕಾರ್ಡಿನಲ್ಲಿ ಇದ್ದದ್ದು ಜೂನ್ ಒಂದು. ಮಹಾಮಾಯಾಳ ಕಾರ್ಡಿನಲ್ಲೂ ಜೂನ್ ಒಂದು.

ಇದರಲ್ಲಿ ಆಶ್ಚರ್ಯವೇನಿಲ್ಲ. ಅವರ ಕಾಲಕ್ಕೆ ಹಳ್ಳಿಯ ಶಾಲೆಯಲ್ಲಿ ಮಗುವಿನ ಹೆಸರು ಹಚ್ಚುವಾಗ ಹುಟ್ಟಿದ ತಾರೀಖು ಕೇಳಿದರೆ ತಂದೆತಾಯಿ ಮಾಸ್ತರರ ಮುಖ ನೋಡುತ್ತಿದ್ದರು. ಮಾಸ್ತರರು ಮಗುವಿನ ಎತ್ತರ ನೋಡಿ ವರ್ಷವನ್ನೂ, ಶಾಲೆ ತೆರೆಯುವ ದಿನ ನೋಡಿ ತಾರೀಖನ್ನೂ ಬರೆದುಕೊಳ್ಳುತ್ತಿದ್ದರು. ಹೀಗೆ ಹಲಬರ್ಗಾದಲ್ಲಿ ಪಂಢರಿ, ಸಾಯಗಾಂವದಲ್ಲಿ ಮಹಾಮಾಯಾ, ಅವರ ಓರಗೆಯ ಅರ್ಧ ಜಿಲ್ಲೆ ಒಂದೇ ದಿನ ಹುಟ್ಟಿತ್ತು. ಶಾಲೆಯ ಮೆಟ್ಟಿಲು ಹತ್ತದ ಪಂಢರಿಯ ತಾಯಿ ಕಾಂತಾಬಾಯಿಗೂ ಕಾರ್ಡು ಮಾಡುವಾಗ ಕಂಪ್ಯೂಟರಿನವನು ಮಗನ ತಾರೀಖನ್ನೇ ಹಾಕಿಬಿಟ್ಟಿದ್ದ. ಮನೆಯಲ್ಲಿ ನಿಜವಾದ ಜನ್ಮದಿನ ಇದ್ದದ್ದು ಬೀದರಿನ ಆಸ್ಪತ್ರೆಯಲ್ಲಿ ಹುಟ್ಟಿದ ಪ್ರಣಿತಾಳೊಬ್ಬಳಿಗೇ, ಅದು ನವೆಂಬರಿನಲ್ಲಿ. ಅವಳೊಬ್ಬಳ ಟಿಕೆಟ್ಟು ಕೊಂಡರೆ ಇಡೀ ಕುಟುಂಬ ಒಳಗೆ ಹೋಗಬಹುದು. ಜೂನ್ ಒಂದು ಭಾನುವಾರವೂ ಆಗಿತ್ತು.

ಪಂಢರಿ ಅಲ್ಲಿ ನಗಬಾರದಿತ್ತು. ಕಚೇರಿಯಲ್ಲಿ ನಗದ ಮನುಷ್ಯ ಒಬ್ಬನೇ ಕೂತು ನಕ್ಕರೆ ಪಕ್ಕದ ಮೇಜಿನವರು ಸುಮ್ಮನಿರುವುದಿಲ್ಲ. ಔರಾದಿನ ಅಶೋಕಕುಮಾರ ಡಬ್ಬಿ ಮುಚ್ಚಿಟ್ಟು ಎದ್ದು ಬಂದು, ಪಂಢರಿಯ ಹೆಗಲ ಮೇಲಿಂದ ಬಗ್ಗಿ, ಆ ಸಾಲನ್ನು ನಿಧಾನವಾಗಿ ಓದಿದ.

“ನಂದೂ ಜೂನ್ ಒಂದೇ ಅದರಿ. ನಮ್ಮ ಮನಿಯವರದೂ ಅದೇ ಅದ. ನಮಗ ಬಿಟ್ಟು ಹೋಗ್ತೀರೇನು?”

ಬಿಟ್ಟು ಹೋಗುವುದಿಲ್ಲ ಎಂದು ಪಂಢರಿ ಹೇಳಬೇಕಾಯಿತು. ಸಂಜೆ ಅವನು ಮನೆಯಲ್ಲಿ ಮಹಾಮಾಯಾಳಿಗೆ ಮೆಲ್ಲಗೆ ಹೇಳಿದ ಸುದ್ದಿ ಗೋಡೆಯಾಚೆ ಬಟ್ಟೆ ಹೊಲಿಯುತ್ತಿದ್ದ ಹಮೀದುನ್ನಿಸಾ ಆಪಾಗೆ ಕೇಳಿಸಿತು. ಹೊಲಿಗೆ ಯಂತ್ರದ ಸದ್ದು ನಿಂತದ್ದನ್ನು ಪಂಢರಿ ಗಮನಿಸಿದ, ಆದರೆ ಅಷ್ಟರಲ್ಲಿ ತಡವಾಗಿತ್ತು. ಆಪಾ ತಮ್ಮ ಕಾರ್ಡನ್ನೂ ಇಬ್ಬರು ತಂಗಿಯರ ಕಾರ್ಡನ್ನೂ ತಂದು ಅವನ ಮುಂದೆ ಹರವಿದರು. “ಮಾಸ್ತರು ನಮಗೆಲ್ಲ ಒಂದೇ ದಿನ ಪೈದಾ ಮಾಡ್ಯಾರ, ಪಂಢರಿ ಭಾಯ್. ನೀವು ಅಲಗ್ ಹೋಗ್ತೀನಿ ಅಂದ್ರ ಹ್ಯಾಂಗ?” ಎಂದರು.

ಆಮೇಲೆ ಓಣಿ ಬಂತು. ಒಬ್ಬರು ಹೆಚ್ಚಿದಂತೆಲ್ಲ ಗಾಡಿಯ ಬಾಡಿಗೆಯಲ್ಲಿ ಪ್ರತಿಯೊಬ್ಬರ ಪಾಲು ಇಳಿಯುತ್ತಿದ್ದುದರಿಂದ ಪಂಢರಿ ಯಾರಿಗೂ ಬೇಡವೆನ್ನಲಿಲ್ಲ. ಓಣಿಯ ಚಾಂದ ಪಾಶಾನ ಕ್ರೂಸರ್ ಜೀಪು ಸಾಲದಾಯಿತು. ಅವನು ಯಾರದೋ ಮಿನಿ ಬಸ್ಸು ತಂದ.

ಹೊರಡುವ ಮುಂಜಾನೆ ಅಶೋಕಕುಮಾರನ ಕುಟುಂಬ ಔರಾದಿನಿಂದ ಬರುವುದು ತಡವಾಯಿತು. ಎಲ್ಲರೂ ಗಂಜಿನಲ್ಲಿ ಬುತ್ತಿಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕೂತು ಬೆವತರು. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ವಾಸನೆಯಲ್ಲಿ ಗೋಣಿಚೀಲದ ಧೂಳು ಸೇರಿತು. ಮೂವತ್ತು ಸೀಟಿನ ಬಸ್ಸಿನಲ್ಲಿ ಜೂನ್ ಒಂದರಂದು ಹುಟ್ಟದ ದೊಡ್ಡವನು ಚಾಂದ ಪಾಶಾ ಒಬ್ಬನೇ. ತಾನು ಡಿಸೆಂಬರಿನವನು, ತನಗೆ ಯಾರೂ ಏನೂ ಪುಕ್ಕಟೆ ಕೊಡುವುದಿಲ್ಲ, ದಿನವಿಡೀ ಬಿಸಿಲಿನಲ್ಲಿ ಗಾಡಿ ಕಾಯುವುದೇ ತನ್ನ ನಸೀಬು ಎಂದು ಅವನು ಜಹೀರಾಬಾದಿನವರೆಗೂ ಹೇಳಿದ. ಅವನ ಮೇಲೆ ಎಲ್ಲರಿಗೂ ಕನಿಕರ ಬಂತು. ಹಮೀದುನ್ನಿಸಾ ಆಪಾ ಅವನಿಗೊಂದು ಬೇಯಿಸಿದ ಮೊಟ್ಟೆ ಕೊಟ್ಟರು.

ಪ್ರಣಿತಾ ಕಿಟಕಿಯ ಪಕ್ಕ ಕೂತಿದ್ದಳು. ಸಂಗಾರೆಡ್ಡಿ ದಾಟಿದ ಮೇಲೆ, ಇನ್ನು ಬಸ್ಸು ಹಿಂದೆ ತಿರುಗುವುದಿಲ್ಲ ಎಂದು ಖಾತ್ರಿಯಾದಂತೆ, ತಂದೆಯ ಕಡೆ ತಿರುಗಿದಳು.

“ಪಪ್ಪಾ, ಖರೇನೇ ಹೊಂಟೀವಿ?”

“ಖರೇನೇ ಹೊಂಟೀವಿ.”

“ನೀವೂ ಜಾರಬಂಡ್ಯಾಗ ಕೂಡ್ತೀರಿ? ಮ್ಯಾಲಿಂದ ನೋಡಿ ಹೆದರೂದಿಲ್ಲ?”

ಪಂಢರಿ ಅವಳ ತಲೆ ಮುಟ್ಟಿ ಆಣೆ ಮಾಡಿದ. ಆಮೇಲೆ ಅವನಿಗೆ, ಆಣೆ ಮಾಡಬಾರದಿತ್ತೇನೋ ಎಂದು ಸುಮ್ಮನೆ ಅಳುಕಾಯಿತು.

ಪಾರ್ಕಿನ ಮುಂದಿನ ಬಯಲಿನಲ್ಲಿ ಗಾಡಿಗಳು ಸಂತೆಯ ದಿನದ ಎತ್ತುಗಳಂತೆ ನಿಂತಿದ್ದವು. ಬೀದರಿನವು, ಉದಗೀರಿನವು, ಕಲಬುರಗಿಯವು, ನಾರಾಯಣಖೇಡದವು. ಸಣ್ಣ ಅಕ್ಷರ ಓದುವವನು ತಾನೊಬ್ಬನೇ ಎಂದು ಪಂಢರಿ ತಿಳಿದಿದ್ದ. ಗೇಟಿನ ಮುಂದಿನ ಸಾಲಿನಲ್ಲಿ ಎಲ್ಲರ ಕೈಯಲ್ಲೂ ಆಧಾರ್ ಕಾರ್ಡು ಇತ್ತು. ಎಲ್ಲರೂ ಒಬ್ಬರನ್ನೊಬ್ಬರು, ಒಂದೇ ಮನೆಗೆ ಹೆಣ್ಣು ನೋಡಲು ಬಂದ ಎರಡು ಕಡೆಯವರಂತೆ ನೋಡಿಕೊಳ್ಳುತ್ತಿದ್ದರು.

ಕೌಂಟರಿನ ಹುಡುಗಿ ಕಾಂತಾಬಾಯಿಯ ಕಾರ್ಡು ನೋಡಿದಳು. ಪಂಢರಿಯ ಕಾರ್ಡು ನೋಡಿದಳು. ತಾಯಿ ಮಗ ಇಬ್ಬರೂ ಒಂದೇ ತಾರೀಖಿಗೆ ಹುಟ್ಟಿದ್ದಕ್ಕೆ ಮೊದಲು ಶುಭಾಶಯ ಹೇಳಿದಳು. ಹಮೀದುನ್ನಿಸಾ ಆಪಾ, ಅವರ ತಂಗಿಯರು, ಅಶೋಕಕುಮಾರ, ಅವನ ಹೆಂಡತಿ, ಅವರ ಹಿಂದಿನವರು ಬಂದಾಗ ಶುಭಾಶಯ ನಿಲ್ಲಿಸಿ ಮ್ಯಾನೇಜರನನ್ನು ಕರೆದಳು. ಮ್ಯಾನೇಜರ ಟೈ ಕಟ್ಟಿದ ಸಣಕಲು ಮನುಷ್ಯ. ಬೆಳಗಿನಿಂದ ಇದನ್ನೇ ನೋಡಿ ಅವನಿಗೆ ಆಶ್ಚರ್ಯಪಡುವ ಶಕ್ತಿ ಉಳಿದಿರಲಿಲ್ಲ. ನಿಯಮ ನಿಯಮವೇ, ಸರಕಾರದ ಕಾರ್ಡನ್ನು ಪಾರ್ಕು ನಂಬುತ್ತದೆ ಎಂದು ಹಿಂದಿಯಲ್ಲಿ ಹೇಳಿ, ಎಲ್ಲರ ಕೈಗೂ ಹಳದಿ ಪಟ್ಟಿ ಕಟ್ಟಿಸಿದ. ಟಿಕೆಟ್ಟು ಕೊಂಡ ಪ್ರಣಿತಾಳ ಕೈಗೆ ಮಾತ್ರ ನೀಲಿ ಪಟ್ಟಿ ಕಟ್ಟಿದರು.

ಪಂಢರಿ ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿದ. ಮಹಾಮಾಯಾ ಪಟ್ಟಿಯ ಬಣ್ಣದ ಕಡೆ ನೋಡುತ್ತಿದ್ದಳು.

ಜಾರುಬಂಡಿಯ ಬುಡದಲ್ಲಿ ಕಾವಲಿನವನು ಅವರನ್ನು ತಡೆದ. ಹಳದಿ ಪಟ್ಟಿಯವರು ಮೊದಲು ಹುಟ್ಟುಹಬ್ಬ ಆಚರಿಸಿಕೊಳ್ಳಬೇಕು. ವೇದಿಕೆಯ ಮೇಲೆ ಕೇಕು ಕತ್ತರಿಸಿ, ಹಾಡು ಹಾಡಿಸಿಕೊಂಡು, ಪಾರ್ಕಿನ ಜಾಹೀರಾತಿಗೆ ಒಂದು ವಿಡಿಯೊ ಕೊಟ್ಟರೆ ಅಲ್ಲಿಯೇ ಹಳದಿ ಬಿಚ್ಚಿ ನೀಲಿ ಕಟ್ಟುತ್ತಾರೆ. ಉಳಿದ ದಿನಗಳಲ್ಲಿ ಇಬ್ಬರೋ ಮೂವರೋ ಇರುತ್ತಾರೆ, ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ ಎಂದು ಅವನು ಸಮಾಧಾನ ಹೇಳಿದ. ನಂತರ ವೇದಿಕೆಯ ದಿಕ್ಕಿಗೆ ಕೈ ತೋರಿಸಿದ, ತಾನು ಮಾತ್ರ ಆ ಕಡೆ ನೋಡಲಿಲ್ಲ.

ವೇದಿಕೆಯ ಮುಂದೆ ನೂರಾರು ಕುರ್ಚಿಗಳಲ್ಲಿ ನಾಲ್ಕು ಜಿಲ್ಲೆಗಳ ಮಂದಿ ಕಾಗದದ ಕಿರೀಟ ಹಾಕಿಕೊಂಡು ಗಂಭೀರವಾಗಿ ಕೂತಿದ್ದರು. ಮೈಕು ಹಿಡಿದ ಯುವತಿ ಒಬ್ಬೊಬ್ಬರನ್ನೇ ಕರೆದು, ಹೆಸರು ಊರು ಕೇಳಿ, ಹಾಡು ಹಾಡಿಸಿ, ಮೇಣದಬತ್ತಿ ಆರಿಸಲು ಹೇಳುತ್ತಿದ್ದಳು. ಎಲ್ಲರಿಗೂ ಸೇರಿ ಒಂದೇ ಹಾಡು ಹಾಡಿದರೆ ಆಗದೇ ಎಂದು ಅಶೋಕಕುಮಾರ ಕೇಳಿದ. ವಿಡಿಯೊ ಬೇರೆ ಬೇರೆ ಬೇಕಂತೆ. ಇವರಿಗೂ ಕಿರೀಟ ಕೊಟ್ಟರು, ಇವರೂ ಕೂತರು.

ಸಾಲು ಮುಂದೆ ಸರಿಯಲಿಲ್ಲ. ಅದಕ್ಕೆ ಕಾರಣ ಪಾರ್ಕಿನವರಲ್ಲ. ಅಲ್ಲಿ ಕೂತಿದ್ದ ಯಾರಿಗೂ ಈವರೆಗೆ ಯಾರೂ ಹುಟ್ಟುಹಬ್ಬ ಮಾಡಿರಲಿಲ್ಲ. ಉದಗೀರಿನ ಒಬ್ಬ ನಿವೃತ್ತ ಕಂಡಕ್ಟರು ಮೈಕು ಹಿಡಿದು ಅತ್ತರು. ಅವರನ್ನು ಕೆಳಗಿಳಿಸಲು ಇಬ್ಬರು ಬೇಕಾದರು. ಒಬ್ಬ ಮುದುಕಿ ಕೇಕಿನ ಮೊದಲ ತುಂಡನ್ನು ತೀರಿಹೋದ ಗಂಡನಿಗೆ ಎಂದು ತೆಗೆದಿಟ್ಟಳು. ಪಂಢರಿಯ ಕಣ್ಣು ಮಾತ್ರ ಮಗಳ ಮೇಲಿತ್ತು. ಪ್ರಣಿತಾ ನೀಲಿ ಪಟ್ಟಿ ಕಟ್ಟಿಕೊಂಡು ಕುರ್ಚಿಗಳ ಆಚೆ ನಿಂತಿದ್ದಳು. ಅವಳು ಒಬ್ಬಳೇ ಜಾರುವಂತಿರಲಿಲ್ಲ. ಅವಳ ವಯಸ್ಸಿನವರ ಜೊತೆಗೆ ನೀಲಿ ಪಟ್ಟಿಯ ದೊಡ್ಡವರೊಬ್ಬರು ಇರಲೇಬೇಕಿತ್ತು.

ಅಷ್ಟರಲ್ಲಿ ಚಾಂದ ಪಾಶಾ ಬಂದ. ಅವನ ಕೈಯಲ್ಲಿ ನೀಲಿ ಪಟ್ಟಿ ಇತ್ತು. ಬಸ್ಸು ತುಂಬ ಮಂದಿಯನ್ನು ಕರೆತಂದ ಡ್ರೈವರಿಗೆ ಪಾರ್ಕಿನವರು ತಾವಾಗಿಯೇ ಪಾಸು ಕೊಡುತ್ತಾರೆ ಎನ್ನುವುದು ಅವನಿಗೂ ಆಗಷ್ಟೇ ತಿಳಿದದ್ದು. ಹುಡುಗಿಯನ್ನು ತಾನು ಒಂದು ಸಲ ಕರೆದುಕೊಂಡು ಹೋಗಲೇ ಎಂದು ಕೇಳಿದ. ಪ್ರಣಿತಾ ಬೇಡವೆಂದಳು. ಪಪ್ಪಾ ಬರಲಿ ಎಂದಳು.

ಆ ಮಾತು ಕೇಳಿ ಪಂಢರಿ ಎದ್ದುಬಿಟ್ಟ. ಮ್ಯಾನೇಜರನ ಹತ್ತಿರ ಹೋಗಿ, ತನಗೆ ಪುಕ್ಕಟೆ ಬೇಡ, ಪೂರ್ತಿ ದರದ ಟಿಕೆಟ್ಟು ಕೊಡಿ ಎಂದ. ಜೀವನದಲ್ಲಿ ಅವನು ಅಂಥ ಮಾತನ್ನು ಆಡಿದ್ದು ಅದೇ ಮೊದಲು. ಮ್ಯಾನೇಜರ ಕಂಪ್ಯೂಟರಿನಲ್ಲಿ ನೋಡಿ ತಲೆಯಾಡಿಸಿದ. ಈ ಕಾರ್ಡಿನವರು ಹುಟ್ಟುಹಬ್ಬದ ಲೆಕ್ಕದಲ್ಲಿ ಒಳಗೆ ಬಂದಾಗಿದೆ, ಒಂದೇ ಕಾರ್ಡನ್ನು ಒಂದು ದಿನಕ್ಕೆ ಎರಡನೆಯ ಸಲ ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ.

“ನಾ ಇವತ್ತ ಹುಟ್ಟೇ ಇಲ್ರಿ,” ಎಂದ ಪಂಢರಿ. ಗಾಬರಿಯಲ್ಲಿ ಕನ್ನಡ ಬಂತು. ಅದನ್ನೇ ಹಿಂದಿಯಲ್ಲಿ, ಇನ್ನೂ ಜೋರಾಗಿ ಹೇಳಿದ.

ಮೈಕಿನ ಹಾಡು ಆಗಷ್ಟೇ ನಿಂತಿತ್ತು. ನೂರಾರು ಕಿರೀಟಗಳು ಒಮ್ಮೆಗೇ ಅವನ ಕಡೆ ತಿರುಗಿದವು.

ಮ್ಯಾನೇಜರ ತಣ್ಣಗೆ, ಹಾಗಾದರೆ ಕಾರ್ಡಿನಲ್ಲಿರುವುದು ಸುಳ್ಳೇ, ನಿಮ್ಮ ಜೊತೆಗೆ ಬಂದವರದೂ ಹೀಗೆಯೇ ಇರಬಹುದೇ ಎಂದು ಕೇಳಿದ. ಹಮೀದುನ್ನಿಸಾ ಆಪಾ ಕಿರೀಟ ಸರಿಮಾಡಿಕೊಂಡು, ಬಹಳ ಸಣ್ಣ ದನಿಯಲ್ಲಿ, “ಪಂಢರಿ ಭಾಯ್, ಚುಪ್ ಕೂಡ್ರಿ,” ಎಂದರು. ಅಶೋಕಕುಮಾರ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

ಪಂಢರಿಗೆ ಒಂದೇ ದಾರಿ ಕಂಡಿತು. ತನ್ನೊಬ್ಬನ ತಾರೀಖು ಮಾತ್ರ ತಪ್ಪೆಂದು ಸಾಬೀತಾದರೆ ಉಳಿದವರಿಗೆ ತೊಂದರೆಯಿಲ್ಲ. ಅದಕ್ಕೆ ಸಾಕ್ಷಿ ಹೇಳಬಲ್ಲವರು ಲೋಕದಲ್ಲಿ ಒಬ್ಬರೇ. ವೇದಿಕೆಯ ಮೇಲೆ ಅದೇ ತಾನೇ ತನ್ನ ಸರದಿ ಬಂದು, ಕೇಕಿನ ಮುಂದೆ ಚಾಕು ಹಿಡಿದು ನಿಂತಿದ್ದಳು ಕಾಂತಾಬಾಯಿ. ನೀನು ಹುಟ್ಟಿದಾಗ ತೊಗರಿ ರಾಶಿ ನಡೆದಿತ್ತು, ಚಳಿಗೆ ನಿನ್ನನ್ನು ಕಂಬಳಿಯಲ್ಲಿ ಸುತ್ತಿ ಇಟ್ಟಿದ್ದೆ ಎಂದು ಅವಳು ಅವನಿಗೆ ಎಷ್ಟು ಸಲ ಹೇಳಿರಲಿಲ್ಲ!

“ಅವ್ವಾ, ನಾ ಯಾವಾಗ ಹುಟ್ಟೀನಿ? ಇವರಿಗೆ ಹೇಳು.”

ಮೈಕಿನವಳು ಮೈಕನ್ನು ಕಾಂತಾಬಾಯಿಯ ಬಾಯಿಗೆ ಹಿಡಿದಳು. ಕಾಂತಾಬಾಯಿ ಮಗನನ್ನು ನೋಡಿದಳು. ಕಿರೀಟ ಹಾಕಿಕೊಂಡು ಕೂತ ಅಷ್ಟೂ ಮುಖಗಳನ್ನು ನೋಡಿದಳು. ಉರಿಯುತ್ತಿದ್ದ ಮೇಣದಬತ್ತಿ ನೋಡಿದಳು.

“ಇವತ್ತೇ,” ಎಂದಳು.

ಜನ ಚಪ್ಪಾಳೆ ತಟ್ಟಿದರು. ಮ್ಯಾನೇಜರ ಪಂಢರಿಯ ಭುಜ ಹಿಡಿದು, ಅವನನ್ನು ಒಂದು ಕುರ್ಚಿಗೆ ಮರ್ಯಾದೆಯಿಂದ ಮುಟ್ಟಿಸಿದ. ಎದ್ದು ಹೋದದ್ದರಿಂದ ಅವನ ಜಾಗ ಈಗ ಸಾಲಿನ ಕಟ್ಟಕಡೆಗೆ ಇತ್ತು.

ಪ್ರಣಿತಾ ಸ್ವಲ್ಪ ಹೊತ್ತು ಅವನನ್ನೇ ನೋಡಿ, ಚಾಂದ ಪಾಶಾನ ಜೊತೆ ಹೋದಳು. ಎತ್ತರದ ಜಾರುಬಂಡಿಯ ಮೇಲಿಂದ ಒಂದು ಟ್ಯೂಬು ಇಳಿದದ್ದನ್ನು ಪಂಢರಿ ಕುರ್ಚಿಯಿಂದಲೇ ನೋಡಿದ. ಮುಂದೆ ಅವನ ಮಗಳು, ಹಿಂದೆ ಕೈ ಮೇಲೆತ್ತಿ ಕೂಗುತ್ತಿದ್ದ ಡ್ರೈವರು. ಅವರು ಮತ್ತೆ ಹತ್ತಿದರು, ಮತ್ತೆ ಇಳಿದರು. ಬಿಸಿಲು ಇಳಿಯುವವರೆಗೂ ಅದೇ ನಡೆಯಿತು. ಮಹಾಮಾಯಾ ತನ್ನ ಸರದಿ ಮುಗಿಸಿ, ನೀಲಿ ಪಟ್ಟಿ ಕಟ್ಟಿಸಿಕೊಂಡು, ಆಪಾನ ತಂಗಿಯರ ಜೊತೆ ಅಲೆಗಳ ಕೊಳಕ್ಕೆ ಹೋದಳು. ಪಂಢರಿಯ ಹೆಸರು ಕರೆದಾಗ ಜಾರುಬಂಡಿಯ ನೀರು ನಿಲ್ಲಿಸಿಯಾಗಿತ್ತು. ಅವನು ಮೇಣದಬತ್ತಿ ಆರಿಸಿದ. ಹೇಗನ್ನಿಸುತ್ತಿದೆ ಎಂದು ಮೈಕಿನವಳು ಕೇಳಿದಾಗ, ಚೆನ್ನಾಗಿದೆ ಎಂದ. ಅವನ ಕೈಗೆ ನೀಲಿ ಪಟ್ಟಿ ಕಟ್ಟಿದರು.

ಮರಳುವಾಗ ಬಸ್ಸಿನಲ್ಲಿ ಎಲ್ಲರೂ ಪಂಢರಿಯನ್ನು ಹೊಗಳಿದರು. ಅವನು ಮೈ ಒಣಗಿದ್ದ ಒಬ್ಬನೇ ಪ್ರಯಾಣಿಕನಾಗಿ ಕೊನೆಯ ಸೀಟಿನಲ್ಲಿ, ಎಲ್ಲರ ಉಳಿದ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪ್ರಣಿತಾ ಒದ್ದೆ ಕೂದಲಲ್ಲಿ ಹಿಂದೆ ಬಂದು ಅವನ ಪಕ್ಕ ಕೂತಳು. ಸಿಟ್ಟಾಗಿರಲಿಲ್ಲ. ಬಹಳ ಯೋಚನೆ ಮಾಡಿ ಬಂದಂತೆ ಇತ್ತು.

“ಪಪ್ಪಾ, ನಿಮ್ಮ ಖರೆ ಹುಟ್ಟಿದ ದಿನಕ್ಕ ಬರಾಮು. ಆವತ್ತ ರೊಕ್ಕ ಕೊಟ್ರ ನಿಮಗ ಟಿಕೀಟು ಕೊಡ್ತಾರ. ಯಾವ ತಾರೀಖ ಅದು?”

ಪಂಢರಿಗೆ ಗೊತ್ತಿರಲಿಲ್ಲ. ತೊಗರಿ ರಾಶಿಯ ಕಾಲವೆಂದರೆ ಎರಡು ತಿಂಗಳಾದರೂ ಹಿಡಿಯುತ್ತದೆ. ಮುಂದಿನ ಸೀಟಿಗೆ ಬಗ್ಗಿ, ಇನ್ನೂ ಕಿರೀಟ ತೆಗೆಯದ ತಾಯಿಯನ್ನು ಮೆಲ್ಲಗೆ ಕೇಳಿದ. ಇಲ್ಲಿ ಯಾರೂ ಇಲ್ಲ, ಈಗಾದರೂ ನೆನಪು ಮಾಡಿಕೊಂಡು ಹೇಳು ಎಂದ.

ಕಾಂತಾಬಾಯಿ ತಿರುಗಿ ಕೂಡ ನೋಡಲಿಲ್ಲ.

“ಅಷ್ಟು ಮಂದಿ ಮುಂದ ಹೇಳೀನಿ,” ಎಂದಳು. “ಇನ್ನ ಅದೇ ತಾರೀಖ.”