ಪಾಪಕುರಾದ ಏಕೈಕ ಮೋಲ್

ನೆಲದಡಿಯ ಪ್ರಾಣಿಗಳ ವಿಷಯದಲ್ಲಿ ನಾನು ಬಲ್ಲವನು ಎಂದು ಒಂದು ವಾರದ ಮಟ್ಟಿಗೆ ನಂಬಿದ್ದೆ.

ಡಯಲ್-ಅಪ್ ಇಂಟರ್ನೆಟ್ ಗೊರಗುಡುತ್ತಿದ್ದ ಕಾಲ. ನ್ಯೂಜಿಲೆಂಡಿನ ಪಾಪಕುರಾದ ನಮ್ಮ ಬಾಡಿಗೆ ಮನೆಗೆ ಶುಕ್ರವಾರ ಮಾಲೀಕರ ಏಜೆಂಟ್ ತಪಾಸಣೆಗೆ ಬರುವವಳಿದ್ದಳು. ಅವಳು ಒಪ್ಪಿದರೆ ಇನ್ನೊಂದು ವರ್ಷ ಮನೆ ನಮ್ಮದು, ಇಲ್ಲವಾದರೆ ಗಂಟುಮೂಟೆ.

ಸೋಮವಾರ ಹಿತ್ತಲ ಬೇಲಿಯ ಪಕ್ಕ ಹಸಿಮಣ್ಣಿನ ಗುಡ್ಡೆಯೊಂದು ಕಂಡಿತು. ಮಂಗಳವಾರ ಎರಡಾದವು. ಬುಧವಾರ ಮೂರು! ಬೆಚ್ಚಿಬಿದ್ದು ಇಂಟರ್ನೆಟ್ ತೆರೆದೆ. ಮೋಲ್ ಎಂಬ ಪ್ರಾಣಿಯಂತೆ; ನಮ್ಮ ಹೆಗ್ಗಣದ ಕುರುಡು ತಮ್ಮ ಎನ್ನಿ. ಸುರಂಗ ಕೊರೆದು ಮಣ್ಣನ್ನು ಮೇಲೆ ತಳ್ಳುತ್ತದೆ. ಗುಡ್ಡೆಗಳು ಸಾಲಾಗಿದ್ದರೆ ಕೆಳಗೆ ಸುರಂಗ ಖಚಿತ. ನಮ್ಮವು ಸಾಲಾಗಿಯೇ ಇದ್ದವು, ಗೇಣಿಗೊಂದರಂತೆ. ಎಂಥ ಶಿಸ್ತಿನ ಮೋಲ್!

"ಏಜೆಂಟಿಗೆ ಒಂದ್ ಮಾತ್ ಕೇಳ್ರಿ," ಎಂದು ಹೇಳಿ ಹೆಂಡತಿ ಗ್ರೇಸ್ ತನ್ನ ನರ್ಸ್ ಡ್ಯೂಟಿಗೆ ಹೋದಳು. ಆರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ಅತ್ತೆಗೆ ನಾನು ಮೋಲಿನ ಲಕ್ಷಣಗಳನ್ನೆಲ್ಲ ವಿವರಿಸಿದೆ. ಅವರು ಚಹಾ ಲೋಟದೊಳಗೇ ನೋಡುತ್ತ ಕುಳಿತರು. ಹೆದರಿದ್ದಾರೆ, ಪಾಪ, ಎಂದುಕೊಂಡೆ.

ಗುರುವಾರ ರಜೆ ಹಾಕಿ ಸನಿಕೆ ಹಿಡಿದೆ. ಗುಡ್ಡೆ ಮುಟ್ಟಿದರೆ ಶತ್ರು ಎಚ್ಚರಗೊಂಡಾನು! ಅದು ಪಾರಾಗುವ ದಾರಿಗೇ ಅಡ್ಡ ಹಾಕಬೇಕೆಂದು ಲಾನಿನ ನಡುವೆ ಒಂಬತ್ತು ಹೊಂಡ ತೋಡಿದೆ. ಮೋಲ್ ಸಿಗಲಿಲ್ಲ. ಬೆನ್ನು ಹಿಡಿದುಕೊಂಡಿತು. ಕೊನೆಗೆ ಉಪದ್ರವಿ ಪ್ರಾಣಿಗಳ ಸರ್ಕಾರಿ ಸಹಾಯವಾಣಿಗೆ ಫೋನ್ ಮಾಡಿ, ನಮ್ಮ ಹಿತ್ತಲಲ್ಲಿ ಮೋಲ್ ಇದೆ ಎಂದು ಅಧಿಕೃತವಾಗಿ ಘೋಷಿಸಿದೆ. ಆ ಕಡೆಯವರು ನಮ್ಮ ವಿಳಾಸವನ್ನು ಎರಡು ಸಲ ಕೇಳಿ ಬರೆದುಕೊಂಡರು.

ಶುಕ್ರವಾರ ಬೆಳಿಗ್ಗೆ ಸರ್ಕಾರದ ಪಿಕಪ್ ಗಾಡಿ, ಇಲ್ಲಿನವರ ಮಾತಿನಲ್ಲಿ ಯೂಟ್, ಬಂದು ನಿಂತಿತು. ಹಿಂದೆಯೇ ಏಜೆಂಟಿನ ಕಾರು. ಯೂಟಿನಿಂದ ಇಳಿದ ಅಧಿಕಾರಿ ಕೈಗವಸು ತೊಡುತ್ತ, ನ್ಯೂಜಿಲೆಂಡಿನಲ್ಲಿ ಮೋಲ್ ಎಂಬುದೇ ಇಲ್ಲ, ಇದ್ದರೆ ಅದು ದೇಶಕ್ಕೇ ಗಂಡಾಂತರ ಎಂದ. ಅವನು ಮಂಡಿಯೂರಿ ಮೊದಲ ಗುಡ್ಡೆ ಬಿಡಿಸಿದ.

ಚಹಾ ಚರಟ. ಆಲೂಗಡ್ಡೆ ಸಿಪ್ಪೆ. ಬಾಳೆಹಣ್ಣಿನ ಸಿಪ್ಪೆ.

ಅತ್ತೆ ಸೆರಗು ಸರಿಪಡಿಸಿಕೊಳ್ಳುತ್ತ ಮುಂದೆ ಬಂದರು. "ಸಿಪ್ಪಿ ಕಸದ ಬಿನ್ನಿಗೆ ಚೆಲ್ಲಾಕ ನನಗ ಮನಸ್ ಬರಲಿಲ್ರೀ ಅಳಿಯಂದ್ರ. ದಿನಾ ನೀವಿಬ್ರೂ ಕೆಲಸಕ್ಕ ಹೋದ ಮ್ಯಾಲ ಹೂಳತಿದ್ದೆ. ಬಾಡಿಗಿ ಮನಿ, ನೆಲಾ ಅಗೀಬ್ಯಾಡ ಅಂತ ಗ್ರೇಸ್ ಹೇಳಿದ್ಲಲ್ಲ, ಅದಕ್ಕ ಬಾಯಿ ಬಿಡಲಿಲ್ಲ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಏಜೆಂಟ್ ತಲೆದೂಗಿ, ಬೇಲಿ ಬದಿಯ ಗುಲಾಬಿಗೆ ಒಳ್ಳೆಯ ಗೊಬ್ಬರ ಎಂದಳು. ಆಮೇಲೆ ಅವಳ ಪೆನ್ನು ಲಾನಿನತ್ತ ತಿರುಗಿತು. ಹಾಗಾದರೆ ಈ ಒಂಬತ್ತು ಹೊಂಡ ಯಾರದು?

ಅತ್ತೆಗೆ ಭಾಷೆ ತಿಳಿಯದಿದ್ದರೂ ಪ್ರಶ್ನೆ ತಿಳಿಯಿತು. ನನ್ನತ್ತ ಬೆರಳು ತೋರಿಸಿ, ನಾನೇ ಕಲಿಸಿದ್ದ ಪದವನ್ನು ಸ್ಪಷ್ಟವಾಗಿ ಉಚ್ಚರಿಸಿದರು.

"ಮೋಲ್."

ಏಜೆಂಟ್ ನಕ್ಕು ನಕ್ಕು ಒಂದು ವರ್ಷಕ್ಕೆ ಸಹಿ ಹಾಕಿದಳು. ಷರತ್ತು ಎರಡೇ: ಲಾನ್ ನಾನೇ ಸರಿಪಡಿಸಬೇಕು, ಆಮೇಲೆ ಸನಿಕೆ ಅತ್ತೆಯ ವಶದಲ್ಲಿರಬೇಕು.

ಹೊರಡುವ ಮುನ್ನ ಅಧಿಕಾರಿ ಏನೋ ಬರೆದುಕೊಂಡ. ಬಗ್ಗಿ ಓದಿದೆ: ಮೋಲ್ ಪತ್ತೆಯಾಗಿಲ್ಲ.

ಅವನೊಬ್ಬನಾದರೂ ನನ್ನ ಮಾನ ಉಳಿಸಿದ.